ರಬ್ಬರ್ ಭಾಗ ಮಾಡಿಸುವ ಮುನ್ನ: ಯಾವ ರಬ್ಬರ್, ಯಾವ ಮೋಲ್ಡ್?

ಡ್ರಾಯಿಂಗ್‌ನ ಮೂಲೆಯಲ್ಲಿ 'ಮೆಟೀರಿಯಲ್: ರಬ್ಬರ್, ಕಪ್ಪು' ಎಂದಷ್ಟೇ ಬರೆದು ಕಳಿಸುವವರು ಇವತ್ತಿಗೂ ಇದ್ದಾರೆ. ಅಂಥ ಡ್ರಾಯಿಂಗ್‌ಗೆ ಯಾವ ರಬ್ಬರ್ ಹಾಕಿ ಕೊಟ್ಟರೂ ಮೋಲ್ಡರ್‌ನನ್ನು, ಅಂದರೆ ಮೋಲ್ಡ್‌ನಲ್ಲಿ (ಅಚ್ಚಿನಲ್ಲಿ) ಭಾಗ ಮಾಡಿಕೊಡುವವನನ್ನು, ದೂರುವ ಹಾಗಿಲ್ಲ. ಕಪ್ಪು ರಬ್ಬರ್‌ಗಳು ನೋಡಲು ಒಂದೇ ಥರ, ಹಿಚುಕಿದರೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಒಂದು ಎಣ್ಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಇನ್ನೊಂದು ಅದೇ ಎಣ್ಣೆಯಲ್ಲಿ ಕೆಲವೇ ದಿನಕ್ಕೆ ಉಬ್ಬಿ ಮೆತ್ತಗಾಗುತ್ತದೆ.

ರಬ್ಬರ್ ಮೋಲ್ಡಿಂಗ್ ಘಟಕ ನಡೆಸುವವರಿಗೆ ಇಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ. ಅವರ ಹತ್ತಿರ ಸೀಲ್, ಗ್ಯಾಸ್ಕೆಟ್, ಬುಷ್, ಡಯಾಫ್ರಮ್, ಬೆಲ್ಲೋಸ್ ಮಾಡಿಸಿಕೊಳ್ಳುವ ಡಿಸೈನರ್‌ಗಳಿಗೆ, ಖರೀದಿ ವಿಭಾಗದವರಿಗೆ, ಮೆಂಟೆನೆನ್ಸ್‌ನವರಿಗೆ ಇದು ಬೇಕಾಗಬಹುದು. ಕ್ರಮ ಇಷ್ಟೇ: ಮೊದಲು ಭಾಗ ಇರುವ ಜಾಗದ ಪರಿಸ್ಥಿತಿ, ಅದಕ್ಕೆ ತಕ್ಕ ರಬ್ಬರ್, ಆಮೇಲೆ ಆಕಾರ, ಕೊನೆಗೆ ಮೋಲ್ಡಿಂಗ್ ವಿಧಾನ. ಬಹಳಷ್ಟು ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ. ಮೋಲ್ಡ್ ಕತ್ತರಿಸಿ ಮುಗಿದ ಮೇಲೆ 'ಇದಕ್ಕೆ ಯಾವ ರಬ್ಬರ್ ಹಾಕೋಣ' ಎಂಬ ಚರ್ಚೆ ಶುರುವಾಗುತ್ತದೆ.

ಹಂತ 1: ಭಾಗಕ್ಕೆ ಏನೇನು ತಾಗುತ್ತದೆ?

'ಅತ್ಯುತ್ತಮ ರಬ್ಬರ್ ಯಾವುದು' ಎಂಬ ಪ್ರಶ್ನೆಗೆ ಉತ್ತರ ಇಲ್ಲ. 'ಈ ಜಾಗದಲ್ಲಿ ರಬ್ಬರನ್ನು ಹಾಳು ಮಾಡುವುದು ಯಾವುದು' ಎಂದು ಕೇಳಿ, ಅದಕ್ಕೆ ಉತ್ತರ ಇದೆ.

ಮೊದಲನೆಯದು ದ್ರವ. 'ಆಯಿಲ್' ಎಂದು ಬರೆದರೆ ಸಾಲದು. ಖನಿಜ ತೈಲದ ಹೈಡ್ರಾಲಿಕ್ ಆಯಿಲ್ ಬೇರೆ, ಗ್ಲೈಕಾಲ್ ಆಧಾರಿತ ಬ್ರೇಕ್ ದ್ರವ ಬೇರೆ. ಎರಡಕ್ಕೂ ಸರಿಹೊಂದುವ ರಬ್ಬರ್‌ಗಳು ಒಂದಕ್ಕೊಂದು ಉಲ್ಟಾ. ಯಂತ್ರ ತೊಳೆಯಲು ಬಳಸುವ ದ್ರಾವಕ, ಜೋಡಿಸುವಾಗ ಹಚ್ಚುವ ಗ್ರೀಸ್ ಕೂಡ ಪಟ್ಟಿಯಲ್ಲಿರಲಿ. ಕೆಲಸ ಮಾಡುವಾಗ ಬರೀ ನೀರು ತಾಗುವ ಇಪಿಡಿಎಂ (ಎಣ್ಣೆ ತಾಳದ ಒಂದು ಕೃತಕ ರಬ್ಬರ್) ಓ-ರಿಂಗ್, ಅಂದರೆ ಸಂದಿ ಮುಚ್ಚುವ ರಬ್ಬರ್ ಉಂಗುರ, ಜೋಡಣೆಯ ಗ್ರೀಸ್‌ನಿಂದಲೇ ಉಬ್ಬಿ ಹಾಳಾಗಬಹುದು.

ಎರಡನೆಯದು ಶಾಖ. ಸದಾ ಇರುವ ಶಾಖ ಎಷ್ಟು, ಆಗೊಮ್ಮೆ ಈಗೊಮ್ಮೆ ಏರುವುದು ಎಷ್ಟು, ಎಷ್ಟು ಹೊತ್ತು, ಇವನ್ನು ಬೇರೆ ಬೇರೆಯಾಗಿ ಬರೆಯಿರಿ. 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ತಾಳುವ ರಬ್ಬರ್ ಅಲ್ಲೇ ವರ್ಷವಿಡೀ ಇರಬಲ್ಲದು ಎಂದೇನಿಲ್ಲ.

ಚಳಿಯನ್ನು ಮರೆಯುವವರೇ ಜಾಸ್ತಿ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಸ್ಫೋಟಗೊಂಡು ಏಳು ಮಂದಿ ಸತ್ತರು. ಅದರ ಘನ ಇಂಧನ ಬೂಸ್ಟರ್‌ನ ಜೋಡಣೆಯಲ್ಲಿ ಇದ್ದದ್ದು ಫ್ಲೋರೋಕಾರ್ಬನ್ ಓ-ರಿಂಗ್‌ಗಳು. ಈ ಜಾತಿಯ ರಬ್ಬರ್ 200 ಡಿಗ್ರಿ ಶಾಖವನ್ನೂ ತಾಳುತ್ತದೆ. ಆದರೆ ಆ ಬೆಳಗ್ಗೆ ಚಳಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿತ್ತು. ಪೆಡಸಾದ ಓ-ರಿಂಗ್, ತೆರೆದುಕೊಳ್ಳುತ್ತಿದ್ದ ಸಂದಿಯನ್ನು ತುಂಬುವಷ್ಟು ಬೇಗ ಪುಟಿದೇಳಲಿಲ್ಲ. ತನಿಖಾ ಆಯೋಗದ ಮುಂದೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ಚೂರನ್ನು ಕ್ಲಾಂಪ್‌ನಲ್ಲಿ ಹಿಡಿದು ಐಸ್ ನೀರಿನಲ್ಲಿ ಅದ್ದಿ ತೋರಿಸಿದ್ದು ಇದನ್ನೇ. ರಬ್ಬರ್ ಕರಗುವುದಿಲ್ಲ, ಒಡೆಯುವುದೂ ಇಲ್ಲ. ಸುಮ್ನೆ ತಡವಾಗಿ ಪುಟಿಯುತ್ತದೆ, ಅಷ್ಟೇ ಸಾಕು ಸೋರಲು.

ಉಳಿದದ್ದು: ಬಿಸಿಲು ಮತ್ತು ಓಝೋನ್ ತಾಗುತ್ತದೆಯೇ, ಭಾಗ ಸುಮ್ಮನೆ ಕೂತಿರುತ್ತದೋ ಉಜ್ಜುತ್ತದೋ ಮಡಚುತ್ತದೋ, ಒತ್ತಡ ಎಷ್ಟು, ಆಹಾರ ಅಥವಾ ಕುಡಿಯುವ ನೀರು ತಾಗುತ್ತದೆಯೇ.

ಹಂತ 2: ಜಾತಿ ಆರಿಸುವುದು

ಪೆಟ್ರೋಲಿಯಂ ಎಣ್ಣೆ, ಗ್ರೀಸ್, ಇಂಧನ ತಾಗುತ್ತದೆಯೋ ಇಲ್ಲವೋ? ಈ ಒಂದೇ ಪ್ರಶ್ನೆಗೆ ಅರ್ಧ ಪಟ್ಟಿ ಬಿದ್ದುಹೋಗುತ್ತದೆ.

ತಾಗುತ್ತದೆ ಎಂದರೆ ಮೊದಲು ನೋಡಬೇಕಾದದ್ದು ನೈಟ್ರೈಲ್, ಅಂದರೆ ಎನ್‌ಬಿಆರ್. ಎಣ್ಣೆ ಸೀಲ್‌ಗಳ ಬಹುಪಾಲು ಇದರದೇ. ಸುಮಾರು ಮೈನಸ್ 30ರಿಂದ 100 ಡಿಗ್ರಿವರೆಗೆ ಆರಾಮವಾಗಿ ಕೆಲಸ ಮಾಡುತ್ತದೆ. ಆದರೆ ನೈಟ್ರೈಲ್‌ನಲ್ಲೇ ಅನೇಕ ದರ್ಜೆಗಳಿವೆ. ಅದರೊಳಗಿನ ಅಕ್ರಿಲೋನೈಟ್ರೈಲ್ ಪ್ರಮಾಣ ಸುಮಾರು 18ರಿಂದ 50 ಪ್ರತಿಶತದವರೆಗೆ ಬದಲಾಗುತ್ತದೆ. ಜಾಸ್ತಿ ಇದ್ದರೆ ಎಣ್ಣೆ, ಇಂಧನ ಚೆನ್ನಾಗಿ ತಾಳುತ್ತದೆ ಆದರೆ ಚಳಿಗೆ ಬೇಗ ಪೆಡಸಾಗುತ್ತದೆ. ಕಡಿಮೆ ಇದ್ದರೆ ಚಳಿ ತಾಳುತ್ತದೆ, ಎಣ್ಣೆಗೆ ಉಬ್ಬುತ್ತದೆ. ಎರಡೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ. ಇನ್ನೊಂದು ದೌರ್ಬಲ್ಯ ಓಝೋನ್. ಎಳೆದು ಬಿಗಿದ ನೈಟ್ರೈಲ್ ಭಾಗವನ್ನು ಬಯಲಲ್ಲಿಟ್ಟರೆ ಎಳೆತಕ್ಕೆ ಅಡ್ಡಲಾಗಿ ಸಣ್ಣ ಬಿರುಕುಗಳು ಏಳುತ್ತವೆ.

ಎಣ್ಣೆಯ ಶಾಖ 150 ಡಿಗ್ರಿಯ ಹತ್ತಿರ ಹೋದರೆ ಎಚ್‌ಎನ್‌ಬಿಆರ್. ಇದು ಹೈಡ್ರೋಜನ್ ಸೇರಿಸಿದ ನೈಟ್ರೈಲ್. ಗಟ್ಟಿಮುಟ್ಟು, ಸವೆತಕ್ಕೂ ಒಳ್ಳೆಯದು, ಬೆಲೆ ಏರುತ್ತದೆ. ಅದಕ್ಕೂ ಮೇಲೆ, 200 ಡಿಗ್ರಿವರೆಗೆ, ಎಫ್‌ಕೆಎಂ, ಅಂದರೆ ಫ್ಲೋರೋಕಾರ್ಬನ್ ರಬ್ಬರ್. ವೈಟಾನ್ ಎಂಬ ಬ್ರ್ಯಾಂಡ್ ಹೆಸರಲ್ಲೇ ಬಹಳ ಜನ ಇದನ್ನು ಕರೆಯುತ್ತಾರೆ. ದುಬಾರಿ ಎಂಬ ಕಾರಣಕ್ಕೇ ಇದು ಎಲ್ಲದಕ್ಕೂ ಆಗುತ್ತದೆ ಎಂಬ ನಂಬಿಕೆ ಇದೆ. ಆಗುವುದಿಲ್ಲ. ಅಸಿಟೋನ್, ಎಂಇಕೆ ಥರದ ಕೀಟೋನ್ ದ್ರಾವಕಗಳಲ್ಲಿ ಉಬ್ಬುತ್ತದೆ. ಅಮೈನ್‌ಗಳು ಅದನ್ನು ಹಾಳು ಮಾಡುತ್ತವೆ. ಗ್ಲೈಕಾಲ್ ಬ್ರೇಕ್ ದ್ರವಕ್ಕೆ ಬೇಡ. ಸಾಮಾನ್ಯ ದರ್ಜೆಯದು ಬಿಸಿ ಹಬೆಯಲ್ಲೂ ಬಾಳುವುದಿಲ್ಲ. ಚಳಿಯ ಕಥೆ ಮೇಲೆ ಹೇಳಿದೆನಲ್ಲ.

ಎಣ್ಣೆ ತಾಗುವುದಿಲ್ಲ ಎಂದರೆ ಆಯ್ಕೆ ಸುಲಭ, ಅಗ್ಗವೂ ಹೌದು. ನೀರು, ಹಬೆ, ಬಿಸಿಲು, ಓಝೋನ್, ಬ್ರೇಕ್ ದ್ರವ ಇವಕ್ಕೆಲ್ಲ ಇಪಿಡಿಎಂ. ಬೇಯಿಸುವುದು ಅಥವಾ ಕ್ಯೂರ್ ಎಂದರೆ ಹಸಿ ರಬ್ಬರನ್ನು ಬಿಸಿ ಮಾಡಿ ಗಟ್ಟಿಗೊಳಿಸುವುದು. ಗಂಧಕದಿಂದ ಬೇಯಿಸಿದ್ದು ಸುಮಾರು 125 ಡಿಗ್ರಿವರೆಗೆ, ಪೆರಾಕ್ಸೈಡ್‌ನಿಂದ ಬೇಯಿಸಿದ್ದು 150ರವರೆಗೆ ಹೋಗುತ್ತದೆ. ಬಿಸಿ ನೀರಿನ ಸೀಲ್ ಆದರೆ ಪೆರಾಕ್ಸೈಡ್ ಕ್ಯೂರ್ ಎಂದು ಸ್ಪಷ್ಟವಾಗಿ ಬರೆಯಿರಿ. ಎರಡನ್ನೂ 'ಇಪಿಡಿಎಂ' ಎಂದೇ ಮಾರುತ್ತಾರೆ, ನೋಡಿ ಹೇಳಲು ಬರುವುದಿಲ್ಲ. ಖನಿಜ ತೈಲ ಮಾತ್ರ ಇದರ ಹತ್ತಿರವೂ ಸುಳಿಯಬಾರದು.

ನಿಯೋಪ್ರೀನ್ ನಡುವಿನ ದಾರಿ. 1930ರ ಸುಮಾರಿಗೆ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಹಳೆಯ ಕೃತಕ ರಬ್ಬರ್. ಎಣ್ಣೆಯನ್ನು ಮಧ್ಯಮವಾಗಿ, ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಬೆಂಕಿಯನ್ನು ಬೇಗ ಹಿಡಿಸಿಕೊಳ್ಳುವುದಿಲ್ಲ. ಯಾವುದರಲ್ಲೂ ಮೊದಲಲ್ಲ. ಬಯಲಲ್ಲಿದ್ದು ಆಗಾಗ ಎಣ್ಣೆ ಸಿಡಿಯುವ ಬೂಟ್ (ಯಂತ್ರದ ಜೋಡಣೆಗೆ ಹೊದಿಸುವ ಕವಚ), ಬೆಲ್ಲೋಸ್‌ಗಳಿಗೆ ಈಗಲೂ ಒಳ್ಳೆಯ ಆಯ್ಕೆ.

ಸಿಲಿಕೋನ್ ಮೈನಸ್ 60ರಿಂದ 200 ಡಿಗ್ರಿವರೆಗೆ ಮೆತ್ತಗೇ ಇರುತ್ತದೆ, ಆಹಾರಕ್ಕೂ ವೈದ್ಯಕೀಯ ಬಳಕೆಗೂ ಸೂಕ್ತ ದರ್ಜೆಗಳಿವೆ. ಆದರೆ ಬೇಗ ಹರಿಯುತ್ತದೆ, ಉಜ್ಜಿದರೆ ಸವೆಯುತ್ತದೆ, ಅನಿಲ ಅದರ ಮೂಲಕ ದಾಟಿಹೋಗುತ್ತದೆ. ತಿರುಗುವ, ಜಾರುವ ಜಾಗಕ್ಕೆ ಹಾಕಬೇಡಿ. ಅನಿಲ ತಡೆಯಬೇಕಾದರೆ ಬ್ಯೂಟೈಲ್. ಟಯರ್ ಟ್ಯೂಬ್‌ಗಳು ಅದರಿಂದ ಆಗುವುದು ಈ ಗುಣಕ್ಕೇ. ಸವೆತವೇ ಮುಖ್ಯ ಶತ್ರುವಾದರೆ ಪಾಲಿಯುರೆಥೇನ್, ಬಿಸಿ ನೀರು ಇರದಿದ್ದರೆ ಮಾತ್ರ.

ಕಂಪನ ತಡೆಯುವ ಮೌಂಟ್‌ಗಳಿಗೆ ಮರದ ಹಾಲಿನ ನೈಸರ್ಗಿಕ ರಬ್ಬರ್‌ನ್ನು ಹಿಂದಿಕ್ಕುವ ಕೃತಕ ರಬ್ಬರ್ ಸಿಗುವುದು ಕಷ್ಟ. ಲಕ್ಷಾಂತರ ಬಾರಿ ಬಾಗಿದರೂ ದಣಿಯುವುದು ಕಡಿಮೆ, ಹರಿಯುವುದೂ ಕಡಿಮೆ. ಎಣ್ಣೆ, ಓಝೋನ್, ಜಾಸ್ತಿ ಶಾಖ ಇವು ಮೂರೂ ಇರಬಾರದು ಅಷ್ಟೆ.

ಇಲ್ಲೊಂದು ಮಾತು. ಹೆಸರು ಜಾತಿಯದು, ಕೆಲಸ ಮಾಡುವುದು ಕಾಂಪೌಂಡ್. ಮೋಲ್ಡ್‌ಗೆ ಹೋಗುವ ಮಿಶ್ರಣದಲ್ಲಿ ನಿಜವಾದ ರಬ್ಬರ್ ಅನೇಕ ಸಲ ಅರ್ಧದಷ್ಟೂ ಇರುವುದಿಲ್ಲ. ಉಳಿದದ್ದು ಕಾರ್ಬನ್ ಬ್ಲ್ಯಾಕ್, ಜೇಡಿ ಅಥವಾ ಸುಣ್ಣದ ಕಲ್ಲಿನ ಪುಡಿ, ಮೆತ್ತಗಾಗಿಸುವ ಎಣ್ಣೆ, ಗಂಧಕ, ವೇಗವರ್ಧಕ, ಆಂಟಿಆಕ್ಸಿಡೆಂಟ್. ಹಾಗಾಗಿ ಎರಡು ಕಡೆಯಿಂದ 'ನೈಟ್ರೈಲ್ 70' (70 ಎಂದರೆ ಗಡಸುತನ) ಕೋಟ್ ತರಿಸಿ ಬೆಲೆ ಮಾತ್ರ ಹೋಲಿಸಿದರೆ ಏನನ್ನೂ ಹೋಲಿಸಿದಂತೆ ಆಗಲಿಲ್ಲ.

ಹಂತ 3: ಗಡಸುತನ, ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಕಿ

ಗಡಸುತನವನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ. ಓ-ರಿಂಗ್, ಸೀಲ್‌ಗಳಿಗೆ 70 ಸಾಮಾನ್ಯ, ಒತ್ತಡ ಜಾಸ್ತಿ ಇದ್ದರೆ 90. ಒರಟು ಮೇಲ್ಮೈಗೆ ಅಂಟಿಕೊಂಡು ಕೂರಬೇಕಾದ ಗ್ಯಾಸ್ಕೆಟ್‌ಗೆ 50 ಅಥವಾ 60. ಪ್ಲಸ್ ಮೈನಸ್ 5 ಸಹಜ ವ್ಯತ್ಯಾಸ, ಅದಕ್ಕಿಂತ ಬಿಗಿಯಾಗಿ ಕೇಳಿದರೆ ತಿರಸ್ಕೃತ ಮಾಲು ಹೆಚ್ಚುತ್ತದೆ ಹೊರತು ಸೀಲ್ ಉತ್ತಮವಾಗುವುದಿಲ್ಲ. ಗಡಸು ಎಂದರೆ ಬಲ ಎಂದಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಸೀಲ್‌ಗೆ ನಿಜವಾಗಿ ಬೇಕಾದ ಅಂಕಿ ಕಂಪ್ರೆಶನ್ ಸೆಟ್. ತುಂಡನ್ನು ಒತ್ತಿ ಹಿಡಿದು, ನಿಗದಿತ ಶಾಖದಲ್ಲಿ ನಿಗದಿತ ಗಂಟೆ ಇಟ್ಟು, ಬಿಟ್ಟ ಅರ್ಧ ಗಂಟೆಯ ಮೇಲೆ ದಪ್ಪ ಅಳೆಯುತ್ತಾರೆ. ಒತ್ತಿದ್ದರಲ್ಲಿ ಎಷ್ಟು ಪಾಲು ವಾಪಸ್ ಬರಲಿಲ್ಲ ಎಂಬುದೇ ಸೆಟ್. ಲೆಕ್ಕ ಸುಲಭ. 12.5 ಮಿಲಿಮೀಟರ್ ದಪ್ಪದ ಬಿಲ್ಲೆಯನ್ನು 9.4ಕ್ಕೆ ಒತ್ತಿದರೆ ಒತ್ತಿದ್ದು 3.1. ಬಿಟ್ಟ ಮೇಲೆ 11.6ಕ್ಕೆ ಮರಳಿದರೆ ಕಳೆದುಕೊಂಡದ್ದು 0.9. ಅಂದರೆ ಸೆಟ್ ಸುಮಾರು 29 ಪ್ರತಿಶತ. ಈ ಅಂಕಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಶಾಖ ಮತ್ತು ಗಂಟೆ ಹೇಳದೆ ಸೆಟ್ ಮಾತ್ರ ಹೇಳಿದರೆ ಒಪ್ಪಬೇಡಿ. 70 ಡಿಗ್ರಿಯ 20 ಪ್ರತಿಶತ ಬೇರೆ, 125 ಡಿಗ್ರಿಯ 20 ಪ್ರತಿಶತ ಬೇರೆ.

ಹಂತ 4: ಆಕಾರ

ರಬ್ಬರ್ ಬಾಗುತ್ತದೆ, ಉಬ್ಬುತ್ತದೆ, ಆದರೆ ಒತ್ತಿದರೆ ಅದರ ಗಾತ್ರ ಕುಗ್ಗುವುದಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಹೊರಬರಲೇಬೇಕು. ಓ-ರಿಂಗ್ ಕೂರುವ ತೋಡನ್ನು (ಗ್ರೂವ್) ರಬ್ಬರ್‌ನಿಂದ ಪೂರ್ತಿ ತುಂಬಿಸಬಾರದು ಎನ್ನುವುದು ಇದಕ್ಕೇ. ಸುಮಾರು 75ರಿಂದ 85 ಪ್ರತಿಶತ ತುಂಬಲಿ. ಶಾಖಕ್ಕೆ ರಬ್ಬರ್ ಉಕ್ಕಿಗಿಂತ ಹತ್ತು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ, ಎಣ್ಣೆಗೂ ಸ್ವಲ್ಪ ಉಬ್ಬುತ್ತದೆ, ಎರಡಕ್ಕೂ ಜಾಗ ಬೇಕು. ಅಲುಗದ ಸೀಲ್‌ಗೆ ಒತ್ತು ಸುಮಾರು 20ರಿಂದ 25 ಪ್ರತಿಶತ, ಜಾರುವ ಸೀಲ್‌ಗೆ ಅದಕ್ಕಿಂತ ಕಡಿಮೆ.

ಚೂಪು ಮೂಲೆಗಳಿಗೆ ರೇಡಿಯಸ್ ಕೊಡಿ, ಹರಿಯುವುದು ಅಲ್ಲಿಂದಲೇ. ಪಾರ್ಟಿಂಗ್ ಲೈನ್, ಅಂದರೆ ಮೋಲ್ಡ್‌ನ ಎರಡು ಹೋಳು ಸೇರುವ ಗೆರೆ, ಸೀಲ್ ಮಾಡುವ ಮುಖದ ಮೇಲೆ ಬರಬಾರದು. ಡ್ರಾಯಿಂಗ್‌ನಲ್ಲಿ ಆ ಮುಖವನ್ನು ಗುರುತು ಮಾಡಿ, ಇಲ್ಲದಿದ್ದರೆ ಮೋಲ್ಡ್ ಮಾಡುವವರು ತಮಗೆ ಅನುಕೂಲವಾದ ಕಡೆ ಗೆರೆ ಇಡುತ್ತಾರೆ.

ಅಳತೆಯ ಸಡಿಲಿಕೆಗೆ (ಟಾಲರೆನ್ಸ್) ಐಎಸ್‌ಒ 3302-1 ಎಂಬ ಮಾನದಂಡ ಇದೆ. ಎಂ1 ಅತಿ ಬಿಗಿ, ಎಂ4 ಸಡಿಲ. ಲೋಹದ ಭಾಗದ ಟಾಲರೆನ್ಸನ್ನೇ ರಬ್ಬರ್‌ಗೂ ಹಾಕುವುದು ಡಿಸೈನರ್‌ಗಳ ಹಳೆಯ ಚಾಳಿ. ಬಹುಪಾಲು ಭಾಗಗಳಿಗೆ ಎಂ3 ಸಾಕು. ಇನ್ನೊಂದು ಸೂಕ್ಷ್ಮ ಇದೆ: ಮೋಲ್ಡ್‌ನ ಒಂದೇ ಹೋಳಿನೊಳಗೆ ಬರುವ ಅಳತೆ ಸ್ಥಿರವಾಗಿರುತ್ತದೆ, ಎರಡು ಹೋಳುಗಳನ್ನು ದಾಟುವ ಅಳತೆ ಫ್ಲ್ಯಾಶ್ (ಹೋಳುಗಳ ಸಂದಿಗೆ ನುಗ್ಗಿ ಉಳಿಯುವ ತೆಳು ರಬ್ಬರ್ ಪದರ) ದಪ್ಪದ ಜೊತೆ ಏರಿಳಿಯುತ್ತದೆ. ಮುಖ್ಯ ಅಳತೆಗಳು ಮೊದಲನೆಯ ಗುಂಪಿಗೆ ಬೀಳುವ ಹಾಗೆ ನೋಡಿಕೊಳ್ಳಿ.

ಮೋಲ್ಡ್‌ನಿಂದ ತೆಗೆದ ಭಾಗ ತಣಿದಾಗ ಕುಗ್ಗುತ್ತದೆ. ಸಾಮಾನ್ಯವಾಗಿ 1.5ರಿಂದ 3 ಪ್ರತಿಶತ, ಸಿಲಿಕೋನ್ ಮತ್ತು ಎಫ್‌ಕೆಎಂ ಇನ್ನೂ ಜಾಸ್ತಿ. ನೈಟ್ರೈಲ್‌ಗೆಂದು ಕತ್ತರಿಸಿದ ಮೋಲ್ಡ್‌ನಲ್ಲಿ ಸಿಲಿಕೋನ್ ಹಾಕಿದರೆ ಭಾಗ ಚಿಕ್ಕದಾಗುತ್ತದೆ. ರಬ್ಬರ್ ಮೊದಲು, ಮೋಲ್ಡ್ ಆಮೇಲೆ ಎಂದು ಶುರುವಿನಲ್ಲೇ ಹೇಳಿದ್ದಕ್ಕೆ ದೊಡ್ಡ ಕಾರಣ ಇದೇ.

ಹಂತ 5: ಮೋಲ್ಡಿಂಗ್ ವಿಧಾನ

ಯಾವ ವಿಧಾನವಾದರೂ ನಡೆಯುವುದು ಒಂದೇ: ಹಸಿ ಕಾಂಪೌಂಡ್ ಬಿಸಿ ಮೋಲ್ಡ್‌ನಲ್ಲಿ ಆಕಾರ ತಾಳಿ ಬೇಯುತ್ತದೆ. ಹಿಟ್ಟನ್ನು ಕಾವಲಿಗೆ ಹಾಕಿದ ಹಾಗೆ, ಬೆಂದ ಮೇಲೆ ಮತ್ತೆ ಹಿಟ್ಟಾಗುವುದಿಲ್ಲ. ಗಂಧಕ ಸೇರಿಸಿ ಬಿಸಿ ಮಾಡಿದರೆ ರಬ್ಬರ್ ಹೀಗೆ ಬದಲಾಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಪ್ಲಾಸ್ಟಿಕ್‌ಗಿಂತ ಇದು ಪೂರ್ತಿ ಬೇರೆ. ಅಲ್ಲಿ ಬ್ಯಾರೆಲ್ ಬಿಸಿ, ಮೋಲ್ಡ್ ತಣ್ಣಗೆ. ಇಲ್ಲಿ ಬ್ಯಾರೆಲ್ ಬೆಚ್ಚಗೆ, ಮೋಲ್ಡ್ ಬಿಸಿ. ಉಳಿದ ಚೂರುಗಳನ್ನು ಕರಗಿಸಿ ಮತ್ತೆ ಬಳಸುವಂತಿಲ್ಲ.

ಕಂಪ್ರೆಶನ್ ಮೋಲ್ಡಿಂಗ್ ಎಲ್ಲಕ್ಕಿಂತ ಸರಳ. ಭಾಗದ ತೂಕಕ್ಕಿಂತ ಸ್ವಲ್ಪ ಜಾಸ್ತಿ ಕಾಂಪೌಂಡ್ ಕತ್ತರಿಸಿ, ಬಿಸಿ ಮೋಲ್ಡ್‌ನಲ್ಲಿಟ್ಟು ಪ್ರೆಸ್ ಮುಚ್ಚುತ್ತಾರೆ. ಗಾಳಿ ಹೊರಹೋಗಲೆಂದು ಒಂದೆರಡು ಸಲ ತೆರೆದು ಮುಚ್ಚುತ್ತಾರೆ. 150ರಿಂದ 180 ಡಿಗ್ರಿ ಶಾಖದಲ್ಲಿ ಕೆಲವು ನಿಮಿಷ ಬೇಯುತ್ತದೆ. ಮೋಲ್ಡ್ ಅಗ್ಗ, ದೊಡ್ಡ ಭಾಗಕ್ಕೂ ಸರಿ. ಆದರೆ ಫ್ಲ್ಯಾಶ್ ಜಾಸ್ತಿ, ಕೈಕೆಲಸ ಜಾಸ್ತಿ. ನೂರಾರು ಅಥವಾ ಕೆಲವು ಸಾವಿರ ಭಾಗ ಬೇಕಿದ್ದರೆ, ಆಕಾರ ಸರಳವಿದ್ದರೆ, ಇದಕ್ಕಿಂತ ಮುಂದೆ ಹೋಗುವ ಅಗತ್ಯವಿಲ್ಲ.

ಟ್ರಾನ್ಸ್‌ಫರ್ ಮೋಲ್ಡಿಂಗ್‌ನಲ್ಲಿ ಮೋಲ್ಡ್ ಮೊದಲೇ ಮುಚ್ಚಿರುತ್ತದೆ. ಮೇಲಿನ ಪಾತ್ರೆಯಲ್ಲಿಟ್ಟ ಕಾಂಪೌಂಡನ್ನು ಪ್ಲಂಜರ್ ಒತ್ತಿ ಸಣ್ಣ ರಂಧ್ರಗಳ ಮೂಲಕ ಒಳಗೆ ತಳ್ಳುತ್ತದೆ. ಲೋಹದ ಇನ್ಸರ್ಟ್ (ರಬ್ಬರ್ ಒಳಗೆ ಕೂರಿಸುವ ತುಂಡು) ಇರುವ ಭಾಗಗಳಿಗೆ ಇದು ಒಳ್ಳೆಯದು. ಕಂಪ್ರೆಶನ್‌ನಲ್ಲಿ ಮೋಲ್ಡ್ ಮುಚ್ಚುವಾಗ ಕಾಂಪೌಂಡ್ ಇನ್ಸರ್ಟನ್ನು ಜರುಗಿಸಬಹುದು. ಇಲ್ಲಿ ಇನ್ಸರ್ಟ್ ಗಟ್ಟಿಯಾಗಿ ಹಿಡಿದ ಮೇಲೆ ರಬ್ಬರ್ ಬರುತ್ತದೆ. ಪಾತ್ರೆಯಲ್ಲಿ ಉಳಿದು ಬೆಂದ ಪದರ ಪ್ರತಿ ಸಲವೂ ಕಸಕ್ಕೆ. ದುಬಾರಿ ಎಫ್‌ಕೆಎಂ ಆದರೆ ಈ ಕಸದ ಲೆಕ್ಕ ಕೇಳಿಯೇ ಮುಂದುವರಿಯಿರಿ.

ಲೋಹಕ್ಕೆ ರಬ್ಬರ್ ತಾನಾಗಿ ಅಂಟುವುದಿಲ್ಲ, ಹಾಗಾಗಿ ಇನ್ಸರ್ಟ್ ತಯಾರಿಯನ್ನೂ ವಿಚಾರಿಸಿ. ಜಿಡ್ಡು ತೆಗೆದು, ಗ್ರಿಟ್ ಬ್ಲಾಸ್ಟ್ ಅಥವಾ ಫಾಸ್ಫೇಟ್ ಮಾಡಿ, ಪ್ರೈಮರ್ ಮತ್ತು ಅಂಟು ಹಚ್ಚಿ, ಒಣಗಿಸಿ, ಬರಿಗೈಯಲ್ಲಿ ಮುಟ್ಟದೆ ಮೋಲ್ಡ್‌ಗೆ ಹಾಕಬೇಕು.

ಇಂಜೆಕ್ಷನ್‌ನಲ್ಲಿ ಕಾಂಪೌಂಡ್ ಪಟ್ಟಿಯ ರೂಪದಲ್ಲಿ ಸ್ಕ್ರೂಗೆ ಹೋಗಿ, ಬೆಚ್ಚಗಾಗಿ, ಮುಚ್ಚಿದ ಮೋಲ್ಡ್‌ಗೆ ಚಿಮ್ಮುತ್ತದೆ. ಒಳಗೆ ಹೋಗುವಾಗಲೇ ಬಿಸಿಯಾಗಿರುವುದರಿಂದ ಬೇಗ ಬೇಯುತ್ತದೆ, ಭಾಗಗಳೆಲ್ಲ ಒಂದೇ ಸಮ ಬರುತ್ತವೆ. ಮೋಲ್ಡ್ ಮತ್ತು ಯಂತ್ರದ ಖರ್ಚು ಮಾತ್ರ ದೊಡ್ಡದು. ಹತ್ತಾರು ಸಾವಿರ, ಲಕ್ಷ ಭಾಗಗಳಿಗೆ ಹಂಚಿದಾಗ ಹಗುರಾಗುತ್ತದೆ.

ದ್ರವ ಸಿಲಿಕೋನ್ ಇದರದೇ ಇನ್ನೊಂದು ಶಾಖೆ. ಎ ಮತ್ತು ಬಿ ಎಂಬ ಎರಡು ಭಾಗಗಳನ್ನು ಸಮಪಾಲು ಬೆರೆಸಿ ತಣ್ಣಗೆ ಪಂಪ್ ಮಾಡಿ ಬಿಸಿ ಮೋಲ್ಡ್‌ಗೆ ಕಳಿಸುತ್ತಾರೆ. ತುಂಬ ತೆಳ್ಳಗಿರುವುದರಿಂದ ಮೋಲ್ಡ್ ಸ್ವಲ್ಪ ಸಡಿಲವಿದ್ದರೂ ಸಂದಿಗೆ ನುಗ್ಗುತ್ತದೆ. ಅದರ ಪ್ಲಾಟಿನಂ ವೇಗವರ್ಧಕಕ್ಕೆ ಗಂಧಕ ವಿಷ. ಗಂಧಕದ ರಬ್ಬರ್ ಮುಟ್ಟಿದ ಕೈಗವಸಿನಿಂದ ಮುಟ್ಟಿದರೂ ಆ ಜಾಗ ಬೇಯದೆ ಅಂಟಂಟಾಗಿ ಉಳಿಯಬಹುದು.

ಉದ್ದಕ್ಕೂ ಒಂದೇ ಅಡ್ಡಕೊಯ್ತ ಇರುವ ಬಾಗಿಲ ಪಟ್ಟಿ, ಕೊಳವೆಗಳಿಗೆ ಮೋಲ್ಡ್ ಬೇಡವೇ ಬೇಡ. ಅವನ್ನು ಎಕ್ಸ್‌ಟ್ರೂಡ್ ಮಾಡುತ್ತಾರೆ, ಅಂದರೆ ಆ ಆಕಾರದ ರಂಧ್ರದ ಮೂಲಕ ಉದ್ದಕ್ಕೆ ತಳ್ಳಿ ತೆಗೆಯುತ್ತಾರೆ.

ಬೇಯುವ ಸಮಯದ ಬಗ್ಗೆ ಒಂದು ಅಂದಾಜು ನೆನಪಿಡಿ: ಶಾಖ 10 ಡಿಗ್ರಿ ಏರಿದರೆ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ರಬ್ಬರ್ ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ. ದಪ್ಪ ಭಾಗವನ್ನು ಅವಸರದಲ್ಲಿ ಜಾಸ್ತಿ ಶಾಖಕ್ಕೆ ಹಾಕಿದರೆ ಹೊರಗೆ ಅತಿಯಾಗಿ ಬೆಂದು ಒಳಗೆ ಹಸಿ ಉಳಿಯುತ್ತದೆ. ಸಿಲಿಕೋನ್, ಎಫ್‌ಕೆಎಂ ಭಾಗಗಳಿಗೆ ಮೋಲ್ಡ್‌ನಿಂದ ತೆಗೆದ ಮೇಲೂ ಓವನ್‌ನಲ್ಲಿ ಇನ್ನೊಮ್ಮೆ ಬೇಯಿಸುವ ಪೋಸ್ಟ್ ಕ್ಯೂರ್ ಬೇಕಾಗುತ್ತದೆ. ಸಿಲಿಕೋನ್‌ಗೆ 200 ಡಿಗ್ರಿಯಲ್ಲಿ 4 ಗಂಟೆ ಸಾಮಾನ್ಯ ರೂಢಿ. ಅಗ್ಗದ ಕೋಟ್‌ನಲ್ಲಿ ಮೊದಲು ಮಾಯವಾಗುವುದು ಈ ಓವನ್. ಕೇಳಿ.

ಹಂತ 6: ಕಾಗದದ ಮೇಲೆ ಬರೆಯುವುದು

ಎಎಸ್‌ಟಿಎಂ ಡಿ2000 ಎಂಬ ಮಾನದಂಡ ಕಾಂಪೌಂಡನ್ನು ಒಂದೇ ಸಾಲಿನಲ್ಲಿ ಹೇಳುತ್ತದೆ. ಎಂ2ಬಿಜಿ714 ಎಂಬುದನ್ನು ಬಿಡಿಸಿ ನೋಡೋಣ. ಎಂ ಎಂದರೆ ಅಳತೆಗಳು ಮೆಟ್ರಿಕ್. 2 ದರ್ಜೆ. ಬಿ ಎಂದರೆ 100 ಡಿಗ್ರಿಯ ಶಾಖದ ಪರೀಕ್ಷೆ. ಜಿ ಎಂದರೆ ಪರೀಕ್ಷಾ ಎಣ್ಣೆಯಲ್ಲಿ ಗಾತ್ರ 40 ಪ್ರತಿಶತಕ್ಕಿಂತ ಹೆಚ್ಚು ಉಬ್ಬಬಾರದು. 7 ಎಂದರೆ ಗಡಸುತನ 70, ಕೊನೆಯ 14 ಎಂದರೆ ಎಳೆತದ ಬಲ ಕನಿಷ್ಠ 14 ಮೆಗಾಪಾಸ್ಕಲ್. ಇದು ನೈಟ್ರೈಲ್‌ಗೆ ಹೊಂದುವ ಸಾಲು. ಮುಂದೆ ಕಂಪ್ರೆಶನ್ ಸೆಟ್, ಎಣ್ಣೆ, ಚಳಿಯ ಪರೀಕ್ಷೆಗಳನ್ನು ಸೇರಿಸುತ್ತಾ ಹೋಗಬಹುದು. ಸಾಲಿನ ಜೊತೆ ಜಾತಿಯ ಹೆಸರು, ಕ್ಯೂರ್ ವಿಧ, ಟಾಲರೆನ್ಸ್ ವರ್ಗ, ಫ್ಲ್ಯಾಶ್ ಎಷ್ಟಿರಬಹುದು, ಇವೂ ಬರಲಿ.

ಹಂತ 7: ಸ್ಯಾಂಪಲ್ ಬಂದಾಗ

ಮೊದಲು ನಿಮ್ಮದೇ ದ್ರವದಲ್ಲಿ ಅದ್ದಿ. ತೂಕ ನೋಡಿ, ಕೆಲಸದ ಶಾಖದಲ್ಲಿ 70 ಗಂಟೆ ಇಟ್ಟು, ಒರೆಸಿ ಮತ್ತೆ ತೂಕ ನೋಡಿ. ಪ್ರಮಾಣಪತ್ರ ಹೇಳದ್ದನ್ನು ಇದು ಹೇಳುತ್ತದೆ. ಸಾಂದ್ರತೆಯನ್ನೂ ಅಳೆಯಿರಿ. ಎಫ್‌ಕೆಎಂ ಕಾಂಪೌಂಡ್ ಸುಮಾರು 1.8ರ ಮೇಲಿರುತ್ತದೆ, ನೈಟ್ರೈಲ್ ಅದಕ್ಕಿಂತ ಎಷ್ಟೋ ಹಗುರ. ಎಫ್‌ಕೆಎಂ ಎಂದು 1.3ರ ಭಾಗ ಬಂದರೆ ಮಾತಾಡುವುದಕ್ಕೆ ಏನೂ ಉಳಿಯಲಿಲ್ಲ, ಅಲ್ವಾ?

ಶೋರ್ ಎ ಮೀಟರ್‌ಗೆ ಕನಿಷ್ಠ 6 ಮಿಲಿಮೀಟರ್ ದಪ್ಪದ ಚಪ್ಪಟೆ ಜಾಗ ಬೇಕು. ಸಣ್ಣ ಓ-ರಿಂಗ್ ಮೇಲೆ ಒತ್ತಿ ಓದಿದ ಅಂಕಿಗೆ ಅರ್ಥವಿಲ್ಲ. ಒಂದೆರಡು ದಪ್ಪ ಭಾಗಗಳನ್ನು ಕತ್ತರಿಸಿ ನೋಡಿ. ಒಳಗೆ ಸ್ಪಂಜಿನಂಥ ಗುಳ್ಳೆಗಳಿದ್ದರೆ ಪೂರ್ತಿ ಬೆಂದಿಲ್ಲ ಅಥವಾ ಗಾಳಿ ಸಿಕ್ಕಿಕೊಂಡಿದೆ. ಪಾರ್ಟಿಂಗ್ ಲೈನ್ ಹತ್ತಿರ ಕಿತ್ತು ಬಂದಂಥ ಗುಳಿ ಕಂಡರೆ ಅದು ಬ್ಯಾಕ್‌ರಿಂಡ್. ಬೇಯುತ್ತಿರುವ ರಬ್ಬರ್ ಹಿಗ್ಗಿ ಮೋಲ್ಡ್‌ನ ಸಂದಿಯಲ್ಲಿ ಹರಿದದ್ದು. ರಬ್ಬರ್‌ನ ಎರಡು ಹರಿವು ಸೇರುವಲ್ಲಿ ಗೆರೆ ಕಂಡರೆ ಅಲ್ಲಿ ಬಾಗಿಸಿ ನೋಡಿ, ಸರಿಯಾಗಿ ಬೆಸೆಯದಿದ್ದರೆ ಬಿಚ್ಚಿಕೊಳ್ಳುತ್ತದೆ. ಕೆಲವು ದಿನಗಳ ಮೇಲೆ ಮೈಮೇಲೆ ಬಿಳಿ ಪುಡಿ ಕಾಣಿಸಿದರೆ ಗಂಧಕ ಅಥವಾ ಮೇಣ ಹೊರಬಂದಿದೆ. ಓಝೋನ್ ತಡೆಯಲು ಹಾಕಿದ ಮೇಣ ಆದರೆ ದೋಷವಲ್ಲ. ಗಂಧಕ ಆದರೆ ಮಿಶ್ರಣ ಸರಿಯಿಲ್ಲ.

ಒಪ್ಪಿದ ಸ್ಯಾಂಪಲ್‌ನ ಕೆಲವು ಭಾಗಗಳನ್ನೂ ಆ ಬ್ಯಾಚ್‌ನ ರಿಯೋಮೀಟರ್ ಗ್ರಾಫನ್ನೂ ತೆಗೆದಿಡಿ. ಕಾಂಪೌಂಡ್ ಎಷ್ಟು ಬೇಗ, ಎಷ್ಟು ಗಟ್ಟಿಯಾಗಿ ಬೇಯುತ್ತದೆ ಎಂದು ಅದು ತೋರಿಸುತ್ತದೆ. ಮುಂದಿನ ಬ್ಯಾಚ್‌ನ ಗ್ರಾಫ್ ಅದರ ಮೇಲಿಟ್ಟಾಗ ಹೊಂದದಿದ್ದರೆ ಮಿಶ್ರಣ ಬದಲಾಗಿದೆ. ಭಾಗಗಳನ್ನು 25 ಡಿಗ್ರಿಗಿಂತ ಕೆಳಗೆ, ಬಿಸಿಲು ಬೀಳದ ಕಡೆ, ಓಡುವ ಮೋಟರ್‌ಗಳಿಂದ ದೂರ ಇಡಿ, ಏಕೆಂದರೆ ಮೋಟರ್‌ನ ಕಿಡಿ ಓಝೋನ್ ಹುಟ್ಟಿಸುತ್ತದೆ. ಓ-ರಿಂಗ್‌ಗಳನ್ನು ಮೊಳೆಗೆ ನೇತುಹಾಕಬೇಡಿ, ಮಡಚಿ ತುರುಕಬೇಡಿ. ಚೀಲದ ಮೇಲೆ ಬ್ಯಾಚ್ ನಂಬರ್ ಮತ್ತು ಬೇಯಿಸಿದ ತಿಂಗಳು ಬರೆದಿರಲಿ.